ಐದು ಸಾವಿರಕ್ಕೆ ಎಷ್ಟು ಗೇಮ್ ಬರುತ್ತೆ ಮಾಮ?

ತಿಪಟೂರಿನಿಂದ ಅಕ್ಕ ಯುಗಾದಿಗೆ ಬಂದಾಗ ಬಟ್ಟೆ ಬ್ಯಾಗಿನ ಜತೆ ಒಂದು ರಟ್ಟಿನ ಡಬ್ಬ ಇಳಿಸಿದಳು. ಅಟ್ಟದ ಮೇಲೆ ಕೊಬ್ಬರಿ ಚೀಲಗಳ ಪಕ್ಕ ಇಪ್ಪತ್ತೈದು ವರ್ಷ ಮಲಗಿದ್ದ ಡಬ್ಬ. ಮುಚ್ಚಳ ತೆಗೆದರೆ ಮೊದಲು ಬಂದದ್ದು ಕೊಬ್ಬರಿ ವಾಸನೆ, ಆಮೇಲೆ ಕಂಡದ್ದು ನನ್ನ ಹಳೇ ಟಿವಿ ಗೇಮ್. ಬಿಳಿ ಪ್ಲಾಸ್ಟಿಕ್ಕು ಅರಿಶಿನಕ್ಕೆ ತಿರುಗಿತ್ತು. ವೈರು ಸುತ್ತಿಟ್ಟ ಎರಡು ರಿಮೋಟು, ಒಂದು ಬಂದೂಕು, ನಾಲ್ಕು ಕ್ಯಾಸೆಟ್ಟು. ಒಂದರ ಮೇಲೆ ‘9999999 ಇನ್ 1’ ಅಂತ ಬರೆದ ಸ್ಟಿಕ್ಕರ್ ಇನ್ನೂ ಹಾಗೇ ಇತ್ತು.

ಅಕ್ಕನ ಮಗ ತುಮಕೂರಿನಲ್ಲೇ ಇಂಜಿನಿಯರಿಂಗ್ ಓದುತ್ತಾನೆ. ಅವನು ಡಬ್ಬದ ಮುಂದೆ ಕೂತವನು ಊಟಕ್ಕೂ ಏಳಲಿಲ್ಲ. ಸಂಜೆ ಕೇಳಿದ: ‘ಮಾಮ, ನಾನೂ ಹಳೇ ಕನ್ಸೋಲ್ ಸೇರಿಸಬೇಕು. ಐದು ಸಾವಿರ ಇದೆ. ಎಷ್ಟು ಗೇಮ್ ಬರುತ್ತೆ?’

ಕೇಳುವುದಕ್ಕೆ ಸಣ್ಣ ಪ್ರಶ್ನೆ. ಉತ್ತರ ಹೇಳಲು ಹೊರಟರೆ ಅಮೆರಿಕದ ಹರಾಜಿನಿಂದ ಮಂಡಿಪೇಟೆಯ ಗುಜರಿವರೆಗೂ ಸುತ್ತಬೇಕಾಗುತ್ತೆ. ಅವನಿಗೆ ಎರಡು ವಾರ ಕಂತುಕಂತಾಗಿ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನಮ್ಮ ಡಬ್ಬದಲ್ಲಿದ್ದದ್ದು ಏನು ಅಂತ ತಿಳಿದುಕೊಳ್ಳೋಣ, ಯಾಕೆಂದರೆ ನನ್ನ ವಯಸ್ಸಿನವರ ಮನೆಗಳ ಅಟ್ಟದಲ್ಲಿರುವುದೂ ಹೆಚ್ಚುಕಮ್ಮಿ ಇದೇ. ನಿಂಟೆಂಡೊ ಕಂಪನಿ ಜಪಾನಿನಲ್ಲಿ 1983ರ ಜುಲೈನಲ್ಲಿ ಫ್ಯಾಮಿಕಾಮ್ ಅನ್ನುವ ಯಂತ್ರ ಬಿಟ್ಟಿತು. ಅದೇ ಯಂತ್ರ ಬೇರೆ ಅಂಗಿ ತೊಟ್ಟು 1985ರಲ್ಲಿ ಎನ್‌ಇಎಸ್ ಆಗಿ ಅಮೆರಿಕಕ್ಕೆ ಹೋಯಿತು. ನಮ್ಮ ಕೈಗೆ ಬಂದದ್ದು ಇವೆರಡೂ ಅಲ್ಲ, ಫ್ಯಾಮಿಕಾಮಿನ ನಕಲು. ಒಳಗೆ ಹತ್ತಾರು ಚಿಪ್ಪಿನ ಬದಲು ಕರಿ ಡಾಂಬರಿನ ಹನಿಯಂಥ ಒಂದು ಮುದ್ದೆ ಇರುತ್ತದೆ, ಇಡೀ ಯಂತ್ರವೇ ಆ ಮುದ್ದೆಯೊಳಗೆ. ಜಾತ್ರೆಯ ಅಂಗಡಿಸಾಲಿನಲ್ಲಿ, ಫ್ಯಾನ್ಸಿ ಸ್ಟೋರಿನಲ್ಲಿ ನಾನಾ ಹೆಸರಿನಲ್ಲಿ ಮಾರುತ್ತಿದ್ದರು. ಬೇಸಿಗೆ ರಜೆಯಲ್ಲಿ ಗಂಟೆ ಲೆಕ್ಕದಲ್ಲಿ ಬಾಡಿಗೆಗೂ ಸಿಗುತ್ತಿತ್ತು.

ಆ ತೊಂಬತ್ತೊಂಬತ್ತು ಲಕ್ಷದ ಲೆಕ್ಕದ ಕಥೆ ಗೊತ್ತೇ? ಪಟ್ಟಿಯಲ್ಲಿ ಕೆಳಗೆ ಇಳಿದಷ್ಟೂ ಹೆಸರುಗಳು ಬರುತ್ತವೆ, ಆಡಲು ಹೋದರೆ ಅವೇ ಹತ್ತಿಪ್ಪತ್ತು ಗೇಮು. ಒಂದರಲ್ಲಿ ಮೂರನೇ ಹಂತದಿಂದ ಶುರು, ಇನ್ನೊಂದರಲ್ಲಿ ಜೀವ ಜಾಸ್ತಿ, ಅಷ್ಟೇ ವ್ಯತ್ಯಾಸ. ಬಾಲ್ಯದಲ್ಲಿ ಕೊನೆಯ ಗೇಮು ಯಾವುದಿರಬಹುದು ಅಂತ ಒಂದು ಮಧ್ಯಾಹ್ನ ಪೂರ್ತಿ ಬಟನ್ ಒತ್ತಿದವನು ನಾನು.

ಇಂಥ ನಕಲಿ ಯಂತ್ರಕ್ಕೆ ಸಂಗ್ರಹಕಾರರ ಮಾರುಕಟ್ಟೆಯಲ್ಲಿ ದೊಡ್ಡ ಬೆಲೆ ಇಲ್ಲ. ಆದರೆ ಒಂದು ಉಪಯೋಗವಿದೆ. ಫ್ಯಾಮಿಕಾಮ್ ಕ್ಯಾಸೆಟ್ಟಿಗೆ ಯಂತ್ರಕ್ಕೆ ತಾಗುವ 60 ಲೋಹದ ಹಲ್ಲು, ಎನ್‌ಇಎಸ್ ಕ್ಯಾಸೆಟ್ಟಿಗೆ 72. ನಮ್ಮ ನಕಲಿಯ ಬಾಯಿ 60 ಹಲ್ಲಿನದು. ಎನ್‌ಇಎಸ್‌ನಲ್ಲಿ ಅಸಲಿ ಕ್ಯಾಸೆಟ್ಟೋ ಅಲ್ಲವೋ ಅಂತ ಪರೀಕ್ಷಿಸುವ ಕಾವಲು ಚಿಪ್ಪು ಇತ್ತು, ಫ್ಯಾಮಿಕಾಮಿನಲ್ಲಿ ಇರಲಿಲ್ಲ. ಹಾಗಾಗಿ ಜಪಾನಿನ ಅಸಲಿ ಫ್ಯಾಮಿಕಾಮ್ ಕ್ಯಾಸೆಟ್ಟುಗಳು ಬಹುತೇಕ ನಮ್ಮ ಜಾತ್ರೆ ಯಂತ್ರದಲ್ಲೂ ಓಡುತ್ತವೆ. ಓಡುವ, ಹಾರುವ, ಗುಂಡು ಹೊಡೆಯುವ ಗೇಮಿಗೆ ಜಪಾನಿ ಭಾಷೆ ಬರಬೇಕಾಗಿಯೂ ಇಲ್ಲ. ಜಪಾನಿನಲ್ಲಿ ಮನೆಮನೆಗೂ ಹೋದ ಗೇಮುಗಳು ಅಲ್ಲಿ ಇವತ್ತಿಗೂ ಅಗ್ಗವೇ. ಆದರೆ ಇಲ್ಲಿಗೆ ತರಿಸುವ ಅಂಚೆ ಖರ್ಚು ಕ್ಯಾಸೆಟ್ಟಿನ ಬೆಲೆಯನ್ನೇ ಮೀರಿಸಿಬಿಡಬಹುದು. ಆದ್ದರಿಂದ ಇದು ಎರಡನೇ ಹೆಜ್ಜೆ. ಐದು ಸಾವಿರದ ಹುಡುಗನಿಗೆ ಮೊದಲ ಹೆಜ್ಜೆ ಬೇರೆ.

ಆ ಹೆಜ್ಜೆ ಇಡುವ ಮುಂಚೆ ಬೆಲೆ ಯಾಕೆ ಏರುತ್ತೆ ಅನ್ನುವುದು ತಲೆಗೆ ಹೋಗಬೇಕು. ಅಕ್ಕನ ಮನೆಯವರು ಕೊಬ್ಬರಿ ಬೆಳೆಯುವವರಾದ್ದರಿಂದ ಹುಡುಗನಿಗೆ ಅದೇ ಭಾಷೆಯಲ್ಲಿ ಹೇಳಿದೆ. ತಿಪಟೂರು ಮಾರುಕಟ್ಟೆಯಲ್ಲಿ ರೇಟು ಏರುವುದು ಕೊಬ್ಬರಿ ರುಚಿಯಾಯಿತು ಅಂತಲ್ಲ, ಆವಕ ಕಮ್ಮಿಯಾಯಿತು ಅಂತ. ಗೇಮೂ ಹಾಗೆಯೇ. ಸೊಗಸಾದ ಗೇಮು ದುಬಾರಿ, ಕೆಟ್ಟದ್ದು ಅಗ್ಗ ಅಂದುಕೊಂಡು ಅಂಗಡಿಗೆ ಹೋದವನು ಜೇಬು ಖಾಲಿ ಮಾಡಿಕೊಂಡು ಬರುತ್ತಾನೆ.

ಇದಕ್ಕೆ ನನಗೆ ಗೊತ್ತಿರುವ ಅತ್ಯುತ್ತಮ ಉದಾಹರಣೆ ಒಂದು ಓಟದ ಗೇಮು. 1987ರಲ್ಲಿ ಬಂದೈ ಕಂಪನಿ ಅಮೆರಿಕದಲ್ಲಿ ‘ಸ್ಟೇಡಿಯಂ ಈವೆಂಟ್ಸ್’ ಅಂತ ಎನ್‌ಇಎಸ್ ಕ್ಯಾಸೆಟ್ಟು ತಂದಿತು. ನೆಲದ ಮೇಲೆ ಹಾಸಿದ ಚಾಪೆಯ ಮೇಲೆ ನಾವು ಓಡಿದರೆ ಟಿವಿಯಲ್ಲಿ ಆಟಗಾರ ಓಡುತ್ತಾನೆ. ಅಷ್ಟರಲ್ಲಿ ನಿಂಟೆಂಡೊ ಆ ಚಾಪೆಯ ಹಕ್ಕನ್ನೇ ಕೊಂಡುಕೊಂಡು, ಪವರ್ ಪ್ಯಾಡ್ ಅಂತ ಹೆಸರು ಬದಲಿಸಿ, ಅದೇ ಗೇಮನ್ನು 1988ರಲ್ಲಿ ‘ವರ್ಲ್ಡ್ ಕ್ಲಾಸ್ ಟ್ರ್ಯಾಕ್ ಮೀಟ್’ ಅಂತ ಮರಳಿ ಬಿಟ್ಟಿತು. ಹಳೇ ಹೆಸರಿನ ಕ್ಯಾಸೆಟ್ಟುಗಳನ್ನು ಅಂಗಡಿಗಳಿಂದ ವಾಪಸು ತೆಗೆದರು. ಕೈತಪ್ಪಿ ಮಾರಾಟವಾದ ಕೆಲವೇ ಉಳಿದವು. 2010ರಲ್ಲಿ ಸೀಲು ಒಡೆಯದ ಒಂದು ಸ್ಟೇಡಿಯಂ ಈವೆಂಟ್ಸ್ 41,300 ಡಾಲರಿಗೆ ಹರಾಜಾಯಿತು. ಎರಡನೇ ಹೆಸರಿನದು ಹಳೇ ಸಾಮಾನಿನ ಬುಟ್ಟಿಯಲ್ಲಿ ಬಿದ್ದಿರುತ್ತದೆ. ಚಾಪೆ ಅದೇ, ಓಟ ಅದೇ, ಬೆವರೂ ಅದೇ. ಆ 41 ಸಾವಿರ ಡಾಲರು ಹೋದದ್ದು ಲೇಬಲ್ಲಿಗೆ.

ಸೀಲು ಒಡೆಯದ ‘ಸೂಪರ್ ಮಾರಿಯೊ 64’ರ ಒಂದು ಪ್ರತಿ 2021ರ ಜುಲೈನಲ್ಲಿ 15 ಲಕ್ಷ ಡಾಲರ್ ದಾಟಿದ್ದೂ ಇದೇ ಹುಚ್ಚು. ಆ ಗೇಮು ತನ್ನ ಕಾಲದಲ್ಲಿ ಒಂದು ಕೋಟಿಗೂ ಹೆಚ್ಚು ಮಾರಾಟವಾಗಿತ್ತು, ಅಪರೂಪದ್ದೇನಲ್ಲ. ಅಪರೂಪವಾಗಿದ್ದದ್ದು ಯಾರೂ ಬಿಚ್ಚದ ಆ ಪ್ಲಾಸ್ಟಿಕ್ಕು.

ಇದನ್ನು ತಿರುಗಿಸಿ ನೋಡಿದರೆ ನಮಗೆ ಬೇಕಾದ ಸೂತ್ರ ಸಿಗುತ್ತದೆ. ತನ್ನ ಕಾಲದಲ್ಲಿ ಕೋಟಿಗಟ್ಟಲೆ ಮಾರಿದ ಗೇಮು ಹುಡುಕು. ಕೋಟಿ ಜನ ಕೊಂಡಿದ್ದಾರೆ ಅಂದರೆ ಬಹುತೇಕ ಚೆನ್ನಾಗಿಯೇ ಇದೆ ಅಂತರ್ಥ, ಕೋಟಿ ಪ್ರತಿ ಇದೆ ಅಂದರೆ ಬೆಲೆ ಹತೋಟಿಯಲ್ಲಿದೆ ಅಂತರ್ಥ. ಅಪರೂಪದ್ದರ ಹಿಂದೆ ಬೀಳುವ ಚಟ ಹತ್ತಲು ಮುಂದೆ ಬೇಕಾದಷ್ಟು ಸಮಯ ಇದೆ.

ಹಾಗಾದರೆ ಯಾವ ಯಂತ್ರ? ನನ್ನ ಮಟ್ಟಿಗೆ ಪ್ರಶ್ನೆಯೇ ಇಲ್ಲ, ಪ್ಲೇಸ್ಟೇಷನ್ 2, ಅಂದರೆ ಪಿಎಸ್ 2. 2000ದ ಮಾರ್ಚ್‌ನಲ್ಲಿ ಜಪಾನಿನಲ್ಲಿ ಬಂದದ್ದು 2013ರ ಜನವರಿಯಲ್ಲಿ ನಿಲ್ಲುವ ಹೊತ್ತಿಗೆ ಲೋಕದಾದ್ಯಂತ 15 ಕೋಟಿಗೂ ಹೆಚ್ಚು ಹೋಗಿತ್ತು. ಆ ಹೊತ್ತಿಗೆ ಟಿವಿಗೆ ಹಾಕುವ ಬೇರೆ ಯಾವ ಕನ್ಸೋಲೂ ಅಷ್ಟು ಮಾರಿರಲಿಲ್ಲ. ಸೋನಿ ಅದನ್ನು ಭಾರತದಲ್ಲಿ ಅಧಿಕೃತವಾಗಿಯೇ ಮಾರಿತು, ದುಬೈ, ಸೌದಿಗೆ ಹೋದವರ ಸೂಟ್‌ಕೇಸಿನಲ್ಲೂ ಬಂತು. ಅದಕ್ಕೇ ತುಮಕೂರಿನಂಥ ಊರಿನಲ್ಲೂ ಕೈಗೆ ಸಿಗುತ್ತದೆ. ಇನ್ನೊಂದು ಲಾಭ, ಅದು ಮೊದಲ ಪ್ಲೇಸ್ಟೇಷನ್ನಿನ ಡಿಸ್ಕುಗಳನ್ನೂ ಓಡಿಸುತ್ತದೆ. ಒಂದು ಡಬ್ಬ ಕೊಂಡರೆ ಎರಡು ಕಾಲದ ಗೇಮು.

ಆದರೆ ಇಲ್ಲೊಂದು ಮುಳ್ಳಿದೆ. ನಮ್ಮೂರಿನಲ್ಲಿ ಸಿಗುವ ಪಿಎಸ್ 2ಗಳಲ್ಲಿ ಬಹಳಷ್ಟಕ್ಕೆ ‘ಚಿಪ್ ಹಾಕಿಸಿ’ ಇರುತ್ತದೆ, ಅದರ ಜತೆ ಬರುವ ಡಿಸ್ಕು ಕಾಪಿ. ಯಾಕೆ ಹಾಗೆ ಅನ್ನುವುದಕ್ಕೆ ಹಿಂದಿನ ಪ್ಲೇಸ್ಟೇಷನ್ನಿಗೆ ಹೋಗಬೇಕು. ಅದರ ಅಸಲಿ ಡಿಸ್ಕಿನ ತಳ ಕಪ್ಪು. ಆ ಕಪ್ಪೇ ಕಾಪಿ ತಡೆಯುತ್ತೆ ಅಂತ ನಾವೆಲ್ಲ ನಂಬಿದ್ದೆವು. ಅಲ್ಲ, ಅದು ಬರೀ ಬಣ್ಣ. ನಿಜವಾದ ಬೀಗ ಡಿಸ್ಕಿನ ಒಳಅಂಚಿನಲ್ಲಿದೆ. ಅಲ್ಲಿ ಗೆರೆಯನ್ನು ಲೆಕ್ಕಹಾಕಿ ಒಂದಿಷ್ಟು ನಡುಗಿಸಿ ಅಚ್ಚು ಹಾಕಿರುತ್ತಾರೆ. ಆ ನಡುಕದಲ್ಲಿ ನಾಲ್ಕಕ್ಷರದ ಗುರುತು ಅಡಗಿದೆ, ಜಪಾನಿಗೊಂದು, ಅಮೆರಿಕಕ್ಕೊಂದು, ಯುರೋಪಿಗೊಂದು. ಮನೆಯ ಕಂಪ್ಯೂಟರಿನಲ್ಲಿ ಸುಟ್ಟ ಸಿಡಿಗೆ ಆ ನಡುಕ ಬರುವುದಿಲ್ಲ. ಚಿಪ್ ಮಾಡುವ ಕೆಲಸ ಇಷ್ಟೇ: ಡಿಸ್ಕು ಹೇಳಬೇಕಾದ ನಾಲ್ಕಕ್ಷರವನ್ನು ಪಕ್ಕದಲ್ಲಿ ಕೂತು ತಾನೇ ಹೇಳಿಬಿಡುವುದು. ಪರೀಕ್ಷೆಯಲ್ಲಿ ಹಿಂದಿನ ಬೆಂಚಿನಿಂದ ಉತ್ತರ ಪಿಸುಗುಡುವ ಹಾಗೆ. ಪಿಎಸ್ 2ರ ಬೀಗ ಬೇರೆ ನಮೂನೆಯದು, ಚಿಪ್ಪಿನ ವ್ಯವಹಾರ ಮಾತ್ರ ಮುಂದುವರಿಯಿತು.

ಚಿಪ್ ಇರುವ ಯಂತ್ರ ಕೊಂಡರೆ ತಪ್ಪಿಲ್ಲ, ಅಸಲಿ ಡಿಸ್ಕೂ ಅದರಲ್ಲಿ ಓಡುತ್ತದೆ. ಕಾಪಿ ಡಿಸ್ಕಿಗೆ ಮಾತ್ರ ದುಡ್ಡು ಕೊಡಬೇಡಿ. ನಾಳೆ ನಿಮ್ಮಿಂದ ಅದನ್ನು ಕೊಳ್ಳುವವರು ಯಾರೂ ಇಲ್ಲ, ಸುಟ್ಟ ಡಿಸ್ಕಿನ ಆಯಸ್ಸೂ ಅಚ್ಚಿನ ಡಿಸ್ಕಿನಷ್ಟಿಲ್ಲ.

ಮಂಡಿಪೇಟೆಯ ಹಿಂದಿನ ಗುಜರಿಯೊಂದರಲ್ಲಿ ಇದೆಲ್ಲ ಪ್ರಾಯೋಗಿಕ ಪಾಠವಾಯಿತು. ಅಂಗಡಿಯವರು ಹಳೇ ಡಿವಿಡಿಗಳ ಗೋಣಿಯನ್ನೇ ನಮ್ಮ ಮುಂದೆ ಸುರಿದರು. ಭಕ್ತಿಗೀತೆ, ಮದುವೆ ವಿಡಿಯೋ, ಕಂಪ್ಯೂಟರ್ ಕೋರ್ಸಿನ ಸಿಡಿ, ನಡುವೆ ಹದಿನೇಳು ಗೇಮು. ಹುಡುಗ ಒಂದೊಂದೇ ಎತ್ತಿ ತಿರುಗಿಸಿದ. ತಳ ನೇರಳೆ ಇದ್ದದ್ದೆಲ್ಲ ಪಕ್ಕಕ್ಕೆ, ಅವು ಸುಟ್ಟವು. ಉಳಿದವು ಆರು. ಪಿಎಸ್ 2ರ ಅಸಲಿ ಡಿವಿಡಿ ತಳ ಬೆಳ್ಳಿ, ಅದರಲ್ಲೇ ಸಿಡಿಯಾಗಿ ಬಂದ ಗೇಮುಗಳ ತಳ ಅಚ್ಚ ನೀಲಿ. ಈ ನೀಲಿ ನೋಡಿ ಕಾಪಿ ಅಂತ ಎಸೆದವರನ್ನು ನೋಡಿದ್ದೇನೆ, ಹುಷಾರು. ಅನುಮಾನ ಬಂದರೆ ನಡುವಿನ ತೂತಿನ ಸುತ್ತ ಇರುವ ಕನ್ನಡಿಯಂಥ ಉಂಗುರ ನೋಡಿ, ಅಸಲಿಯಲ್ಲಿ ಅಲ್ಲಿ ಸಣ್ಣಗೆ ಕೆತ್ತಿದ ಅಕ್ಷರ, ಗೆರೆಗಳಿರುತ್ತವೆ.

ಆಮೇಲೆ ಗೀರು. ಹುಡುಗ ತಳದ ಗೀರುಗಳನ್ನೇ ಎಣಿಸುತ್ತಿದ್ದ. ನಾನು ಡಿಸ್ಕನ್ನು ತಿರುಗಿಸಿ, ಚಿತ್ರ ಇರುವ ಮುಖ ತೋರಿಸಿ, ಸಿಡಿಯಲ್ಲಿ ಪ್ರಾಣ ಇರುವುದು ಇಲ್ಲಿ ಅಂದೆ. ಸಿಡಿಯ ದಪ್ಪ 1.2 ಮಿಲಿಮೀಟರ್. ಅದರಲ್ಲಿ ಬಹುಪಾಲು ತಳದ ಪ್ಲಾಸ್ಟಿಕ್ಕೇ. ಗೇಮಿನ ಮಾಹಿತಿ ಹೊತ್ತ ಅಲ್ಯೂಮಿನಿಯಂ ಪದರ ಚಿತ್ರದ ಕೆಳಗೆ, ಒಂದು ತೆಳು ವಾರ್ನಿಷಿನ ಆಸರೆಯಲ್ಲಿ ನಿಂತಿದೆ. ತಳದ ಗೀರನ್ನು ಉಜ್ಜಿ ಪಾಲಿಶ್ ಮಾಡಬಹುದು. ಮೇಲಿನ ಗೀರು ಆಳಕ್ಕಿಳಿದರೆ ಗೇಮೇ ಹೋಯಿತು. ಪೆನ್ನಿನಲ್ಲಿ ಒತ್ತಿ ಹೆಸರು ಬರೆದ ಡಿಸ್ಕು ಕಂಡರೆ ನನಗೆ ಹೊಟ್ಟೆ ಉರಿಯುತ್ತೆ. ಡಿವಿಡಿ ಈ ವಿಷಯದಲ್ಲಿ ಗಟ್ಟಿ, 0.6 ಮಿಲಿಮೀಟರಿನ ಎರಡು ಹಲ್ಲೆಗಳ ನಡುವೆ ಮಾಹಿತಿ ಒಬ್ಬಟ್ಟಿನ ಹೂರಣದ ಹಾಗೆ ಕೂತಿರುತ್ತದೆ. ಮುಂದೆ ಬಂದ ಪಿಎಸ್ 3ರ ಬ್ಲೂ-ರೇ ಡಿಸ್ಕಿನಲ್ಲಿ ಮಾಹಿತಿ ತಳಕ್ಕೆ ಬರೀ 0.1 ಮಿಲಿಮೀಟರ್ ದೂರ, ಅದಕ್ಕೇ ಮೇಲೊಂದು ಗಡಸು ಲೇಪ ಬಳಿದಿರುತ್ತಾರೆ. ಆ ಲೇಪ ದಾಟಿದ ಗೀರಿಗೆ ಮದ್ದಿಲ್ಲ.

ಮೊಬೈಲಿನ ಟಾರ್ಚು ಹಾಕಿ, ಡಿಸ್ಕನ್ನು ಅದರ ಮುಂದೆ ಹಿಡಿದು, ಹಿಂದಿನಿಂದ ಬೆಳಕು ಸೂಜಿಮೊನೆಯಷ್ಟು ತೂರಿ ಬರುತ್ತದೆಯೇ ನೋಡಿ. ಆರರಲ್ಲಿ ಒಂದರಲ್ಲಿ ನಾಲ್ಕು ಚುಕ್ಕಿ ಹೊಳೆದವು. ಪದರ ಅಲ್ಲಿ ಉದುರಿದೆ. ಅದನ್ನು ವಾಪಸು ಇಟ್ಟೆವು. ಐದಕ್ಕೆ ಐನೂರು ಕೇಳಿದರು, ನಾನ್ನೂರಕ್ಕೆ ಮುಗಿಯಿತು.

ಪೆಟ್ಟಿಗೆಯ ಬೆನ್ನಿನ ಮೇಲೆ ಸಣ್ಣ ಅಕ್ಷರದಲ್ಲಿ ಒಂದು ಸಂಕೇತ ಇರುತ್ತದೆ. ಎಸ್‌ಎಲ್‌ಇಎಸ್ ಅಥವಾ ಎಸ್‌ಸಿಇಎಸ್ ಅಂತಿದ್ದರೆ ಯುರೋಪಿನದು, ಅಂದರೆ ನಮ್ಮ ಪಾಲ್ ಟಿವಿ ಪದ್ಧತಿಯ ಯಂತ್ರಕ್ಕೆ ಹೊಂದುತ್ತದೆ. ಎಸ್‌ಎಲ್‌ಯುಎಸ್, ಎಸ್‌ಸಿಯುಎಸ್ ಇದ್ದರೆ ಅಮೆರಿಕದ್ದು. ಎಸ್‌ಎಲ್‌ಪಿಎಸ್, ಎಸ್‌ಎಲ್‌ಪಿಎಂ ಜಪಾನಿನದು. ಅಮೆರಿಕದಿಂದ ಬಂದ ಸಂಬಂಧಿಕರು ಪ್ರೀತಿಯಿಂದ ತಂದ ಡಿಸ್ಕು ಇಲ್ಲಿನ ಪಿಎಸ್ 2ರಲ್ಲಿ ಓಡದೆ ಮುನಿಸಾದ ಮನೆಗಳಿವೆ. ಪಿಎಸ್ 3, ಕೈಯಲ್ಲಿ ಹಿಡಿದು ಆಡುವ ಪಿಎಸ್‌ಪಿ, ಗೇಮ್ ಬಾಯ್ ಅಡ್ವಾನ್ಸ್‌ನ ಗೇಮುಗಳಿಗೆ ಹೆಚ್ಚುಕಮ್ಮಿ ಈ ಜಾತಿಭೇದ ಇಲ್ಲ.

ಅದೇ ಪೆಟ್ಟಿಗೆಯ ಮೇಲೆ ‘ಪ್ಲಾಟಿನಂ’ ಅಂತಿದ್ದರೆ ಖುಷಿಪಡಿ. ಚೆನ್ನಾಗಿ ಮಾರಿದ ಗೇಮನ್ನು ಸೋನಿ ಬೆಲೆ ಇಳಿಸಿ ಮರುಮುದ್ರಿಸುತ್ತಿತ್ತು, ಆಗ ಹಾಕುತ್ತಿದ್ದ ಪಟ್ಟಿ ಅದು. ಕಪಾಟಿನಲ್ಲಿ ಸಾಲು ಚೆಂದ ಕಾಣಬೇಕು ಅನ್ನುವವರಿಗೆ ಆ ಬೂದುಬಣ್ಣ ಕಂಡರಾಗದು, ಅದಕ್ಕೆ ಮೊದಲ ಮುದ್ರಣಕ್ಕಿಂತ ಅಗ್ಗ. ಒಳಗಿನ ಗೇಮು ಅದೇ. ನನ್ನ ಸಂಗ್ರಹದ ಅರ್ಧ ಪ್ಲಾಟಿನಮ್ಮೇ, ನಾಚಿಕೆಯೇನಿಲ್ಲ.

ಇನ್ನು ಗೇಮಿನ ಹೆಸರುಗಳು. ‘ಗ್ರ್ಯಾನ್ ಟುರಿಸ್ಮೊ 3’, 2001ರ ಕಾರು ರೇಸು, 1.4 ಕೋಟಿಗೂ ಮೀರಿ ಹೋಗಿದೆ. ಈಗಲೂ ನೋಡಲು ಮುಜುಗರವಾಗದ ಹಳೇ ಗೇಮುಗಳಲ್ಲಿ ಅದೊಂದು, ಮನೆಯವರಿಗೆ ತೋರಿಸಲೂ ಒಳ್ಳೆಯದು. ‘ಜಿಟಿಎ ಸ್ಯಾನ್ ಆಂಡ್ರಿಯಾಸ್’ 2004ರದು, ಪಿಎಸ್ 2ರಲ್ಲಿ ಅದಕ್ಕಿಂತ ಹೆಚ್ಚು ಮಾರಿದ ಗೇಮಿಲ್ಲ. ಆದರೆ ದೊಡ್ಡವರ ಗೇಮು, ಚಿಕ್ಕ ಮಕ್ಕಳಿರುವ ಹಾಲ್‌ನಲ್ಲಿ ಹಾಕಬೇಡಿ. 2003ರ ‘ಪ್ರಿನ್ಸ್ ಆಫ್ ಪರ್ಷಿಯಾ: ದಿ ಸ್ಯಾಂಡ್ಸ್ ಆಫ್ ಟೈಮ್’ ಒಂದೆರಡು ವಾರಾಂತ್ಯದಲ್ಲಿ ಮುಗಿಯುತ್ತದೆ. ಬಿದ್ದು ಸತ್ತರೆ ಕಾಲವನ್ನೇ ಹಿಂದಕ್ಕೆ ತಿರುಗಿಸಬಹುದು, ಹೊಸಬರಿಗೆ ಇದಕ್ಕಿಂತ ಸಹನೆಯ ಮೇಷ್ಟರಿಲ್ಲ. 2004ರ ‘ಬರ್ನ್‌ಔಟ್ 3’ರಲ್ಲಿ ಗುದ್ದುವುದೇ ಕೆಲಸ. ಬಿ.ಎಚ್. ರಸ್ತೆಯಲ್ಲಿ ಗಾಡಿ ಓಡಿಸಿ ಮನೆಗೆ ಬಂದವರಿಗೆ ನಾನು ಸೂಚಿಸುವ ಔಷಧಿ. ಹೊಡೆದಾಟಕ್ಕೆ ‘ಟೆಕ್ಕನ್ 5’, ಅಥವಾ ಮೊದಲ ಪ್ಲೇಸ್ಟೇಷನ್ನಿನ ‘ಟೆಕ್ಕನ್ 3’. 1998ರಲ್ಲಿ ಪ್ಲೇಸ್ಟೇಷನ್ನಿಗೆ ಬಂದ ಆ ಗೇಮಿನಲ್ಲಿ ಎಡ್ಡಿ ಅನ್ನುವ ಪಾತ್ರದ ಕಾಲು ತಿರುಗಿಸಿಯೇ ನಾವು ಒಂದು ತಲೆಮಾರಿನ ಸ್ನೇಹಗಳನ್ನು ಕೆಡಿಸಿಕೊಂಡೆವು.

ಇಬ್ಬರು ಪಕ್ಕಪಕ್ಕ ಕೂತು ಆಡುವ ಗೇಮಿಗೆ ನಾನು ಹೆಚ್ಚು ಮಾರ್ಕು ಕೊಡುತ್ತೇನೆ. ಮನೆಗೆ ಬಂದವರ ಕೈಗೆ ಎರಡನೇ ರಿಮೋಟು ಕೊಟ್ಟರೆ ನಿಮ್ಮ ಹವ್ಯಾಸಕ್ಕೆ ಮನೆಯಲ್ಲಿ ವಿರೋಧ ಕಮ್ಮಿಯಾಗುತ್ತದೆ. ಇದು ಸುಮ್ಮನೆ ಹೇಳಿದ್ದಲ್ಲ, ಅನುಭವ.

ಪ್ರತಿವರ್ಷ ಬರುವ ಕ್ರೀಡಾ ಗೇಮುಗಳು ಎಲ್ಲಕ್ಕಿಂತ ಅಗ್ಗ. ಫಿಫಾ 06 ಬಂದ ದಿನ ಫಿಫಾ 05ರ ಬೆಲೆ ಹೋಯಿತು, 07 ಬಂದಾಗ 06ರದೂ ಹೋಯಿತು. ಕುಸ್ತಿಯ ‘ಸ್ಮ್ಯಾಕ್‌ಡೌನ್ ವರ್ಸಸ್ ರಾ’ ಸಾಲಿನದೂ ಅದೇ ಕಥೆ. ಆಟಗಾರರ ಹೆಸರು ಹಳತಾಗಿದೆ ಅನ್ನುವುದು ಬಿಟ್ಟರೆ ಚೆಂಡು ಗುಂಡಗೇ ಇದೆ. ಕ್ರಿಕೆಟ್ ಮಾತ್ರ ನಮ್ಮಲ್ಲಿ ಈ ಲೆಕ್ಕಕ್ಕೆ ಸಿಗುವುದಿಲ್ಲ. 2006ರ ಕೊನೆಗೆ ಬಂದ ‘ಕ್ರಿಕೆಟ್ 07’ ಅಂದರೆ ಮಾರುವವನ ಮುಖದಲ್ಲೇ ಒಂದು ನಗು ಬರುತ್ತದೆ. ಅಸಲಿ ಡಿಸ್ಕು ಒಬ್ಬರ ಬಳಿ ಕಂಡೆ, ಅವರು ಮಾರಲು ಒಪ್ಪಲಿಲ್ಲ.

ನಮ್ಮ ದೇಶದ್ದೇ ಆದ ಒಂದು ಮೂಲೆಯೂ ಇದೆ. 2009ರಲ್ಲಿ ಹೈದರಾಬಾದಿನ ಅರೋನಾ ಕಂಪನಿ ಪಿಎಸ್ 2ಗಾಗಿ ‘ಹನುಮಾನ್: ಬಾಯ್ ವಾರಿಯರ್’ ಮಾಡಿತು. ಅದೇ ವರ್ಷ ನಮ್ಮ ಬೀದಿಯಾಟಗಳನ್ನು ಇಟ್ಟುಕೊಂಡ ‘ದೇಸಿ ಅಡ್ಡಾ’ ಬಂತು. ಆಟವಾಗಿ ಹೇಳುವುದಾದರೆ ಹನುಮಾನ್ ನೀರಸ, ಗದೆ ಬೀಸಿ ಬೀಸಿ ಕೈ ಸೋಲುತ್ತದೆ. ಆದರೂ ಎಲ್ಲಾದರೂ ಕಂಡರೆ ಬಿಡಬೇಡಿ. ಹೊರದೇಶದವರ ಪಟ್ಟಿಯಲ್ಲಿ ಇಲ್ಲದ, ನಮ್ಮ ಗುಜರಿಯಲ್ಲಿ ಮಾತ್ರ ಸಿಗಬಹುದಾದ ಸಾಮಾನು ಇದು.

ಪಿಎಸ್ 2ರಲ್ಲೇ ದುಬಾರಿ ಬೀಳುವವೂ ಇವೆ, 2006ರ ‘ರೂಲ್ ಆಫ್ ರೋಸ್’ನಂಥ ಕಮ್ಮಿ ಅಚ್ಚಾದ ಭಯದ ಗೇಮುಗಳು. ಅವುಗಳ ತಂಟೆ ಬೇಡ. ಕೆಲವು ಒಳ್ಳೆಯ ಗೇಮುಗಳಿಗೆ ಮಾತ್ರ ಹಿಂಬಾಗಿಲಿದೆ: ‘ಇಕೊ’ ಮತ್ತು ‘ಶ್ಯಾಡೊ ಆಫ್ ದಿ ಕೊಲೊಸಸ್’ ಎರಡನ್ನೂ 2011ರಲ್ಲಿ ಒಂದೇ ಡಿಸ್ಕಿನಲ್ಲಿ ಸೇರಿಸಿ ಪಿಎಸ್ 3ಗೆ ತಂದರು. ಹಳೇ ಪೆಟ್ಟಿಗೆಯ ಮೋಹ ಇಲ್ಲದಿದ್ದರೆ ಹೀಗೆ ಮರಳಿ ಬಂದದ್ದನ್ನೇ ಆಡಿ.

ಬೆಲೆ ಸರಿಯೋ ತಪ್ಪೋ ತಿಳಿಯುವುದು ಹೇಗೆ? ಮತ್ತೆ ಕೊಬ್ಬರಿ ಮಾರುಕಟ್ಟೆಗೇ ಬನ್ನಿ. ಅಲ್ಲಿ ರೈತರು ಕೇಳಿದ ರೇಟನ್ನು ಯಾರೂ ಬರೆದುಕೊಳ್ಳುವುದಿಲ್ಲ, ಹರಾಜಿನಲ್ಲಿ ನಿಂತ ರೇಟು ಬರೆದುಕೊಳ್ಳುತ್ತಾರೆ. ಓಎಲ್‌ಎಕ್ಸ್‌ನಲ್ಲಿ ಯಾರೋ ಒಂದು ಗೇಮಿಗೆ ಮೂರು ಸಾವಿರ ಅಂತ ಹಾಕಿದ್ದರೆ ಅದು ಅವರ ಆಸೆ. ಇಬೇಯಲ್ಲಿ ಮಾರಾಟವಾಗಿ ಮುಗಿದವನ್ನು ಮಾತ್ರ ತೋರಿಸುವ ಆಯ್ಕೆ ಇದೆ, ಅದರಲ್ಲಿ ಕಾಣುವುದು ನಿಂತ ರೇಟು. ನಾಲ್ಕೈದು ನೋಡಿ, ಕೊನೆಯ ಎರಡು ತಿಂಗಳದ್ದು ಹಿಡಿದುಕೊಳ್ಳಿ. ಆರು ತಿಂಗಳಿಂದ ಮಾರಾಟವಾಗದೆ ಕೂತ ಜಾಹೀರಾತು ಕಂಡರೆ ಅರ್ಧಕ್ಕೆ ಕೇಳಲು ಸಂಕೋಚ ಬೇಡ.

ಯಂತ್ರ ಕೊಳ್ಳಲು ಹೋಗುವಾಗ ಜೇಬಿನಲ್ಲಿ ಎರಡು ಡಿಸ್ಕು ಇಟ್ಟುಕೊಂಡು ಹೋಗಿ, ಒಂದು ಸಿಡಿಯದು, ಒಂದು ಡಿವಿಡಿಯದು. ಎರಡನ್ನೂ ಓದಲು ಬೇಕಾದ ಲೇಸರ್ ಬೆಳಕೇ ಬೇರೆಬೇರೆ, ಸಿಡಿಗೆ 780 ನ್ಯಾನೊಮೀಟರ್, ಡಿವಿಡಿಗೆ 650. ಒಂದು ಕಣ್ಣು ಮಂಜಾಗಿ ಇನ್ನೊಂದು ಚುರುಕಾಗಿರುವ ಯಂತ್ರಗಳು ಬೇಕಾದಷ್ಟಿವೆ. ಮಾರುವವರು ಓಡುವ ಡಿಸ್ಕನ್ನೇ ಹಾಕಿ ತೋರಿಸುತ್ತಾರೆ, ಅದು ಸಹಜ. ನಿಮ್ಮ ಬಳಿ ‘ಗಾಡ್ ಆಫ್ ವಾರ್ 2’ ಇದ್ದರೆ ಇನ್ನೂ ಒಳ್ಳೆಯದು. ಅದು ಎರಡು ಪದರದ ಡಿಸ್ಕು, ದಣಿದ ಲೇಸರು ಅಲ್ಲಿ ತೊದಲುತ್ತದೆ. ಜತೆಗೆ ಅಸಲಿ ಮೆಮೊರಿ ಕಾರ್ಡು ಕೇಳಿ ತಗೊಳ್ಳಿ. ಪಿಎಸ್ 2ರದು 8 ಎಂಬಿ. ಅಗ್ಗದ ಕಾರ್ಡಿನಲ್ಲಿ ನಲವತ್ತು ಗಂಟೆಯ ಆಟ ಒಂದೇ ರಾತ್ರಿ ಮಾಯವಾದದ್ದು ನನ್ನ ಮನೆಯಲ್ಲೇ.

ಕೈಯಲ್ಲಿ ಹಿಡಿದು ಆಡುವ ಯಂತ್ರಗಳ ಬಗ್ಗೆ ಒಂದೇ ಎಚ್ಚರಿಕೆ, ಪೋಕೆಮಾನ್. ಗೇಮ್ ಬಾಯ್ ಅಡ್ವಾನ್ಸ್‌ನ ನಕಲಿ ಕ್ಯಾಸೆಟ್ಟುಗಳಲ್ಲಿ ಅದರಷ್ಟು ಬೇರೊಂದಿಲ್ಲ. ಬೆಂಗಳೂರಿನ ಒಂದು ಅಂಗಡಿಯಲ್ಲಿ ‘ಪೋಕೆಮಾನ್ ಎಮರಾಲ್ಡ್’ ಅಸಲಿ ಅಂತ ನಂಬಿ ದುಡ್ಡು ಎಣಿಸಿ, ತುಮಕೂರಿಗೆ ಬರುವ ರೈಲಿನಲ್ಲೇ ಶುರು ಹಚ್ಚಿಕೊಂಡೆ. ಕ್ಯಾತಸಂದ್ರ ಬರುವ ಹೊತ್ತಿಗೆ ಎರಡು ಬ್ಯಾಡ್ಜು ಗೆದ್ದಿದ್ದೆ. ಮಾರನೇ ದಿನ ಹಾಕಿದರೆ ಆಟ ಮೊದಲಿನಿಂದ ಶುರು, ಉಳಿಸಿದ್ದು ಏನೂ ಇಲ್ಲ. ಆಮೇಲೆ ಕಲಿತೆ: ಅಸಲಿ ಎಮರಾಲ್ಡ್‌ನ ಹಸಿರು ಮೈ ಪಾರದರ್ಶಕ, ಒಳಗೆ ಗುಂಡನೆಯ ಬ್ಯಾಟರಿ ಕಾಣುತ್ತದೆ. ಚಿನ್ನದ ಹಲ್ಲುಗಳ ಸಾಲಿನ ಮೇಲೆ ಇಣುಕಿದರೆ ನಿಂಟೆಂಡೊ ಅಂತ ಅಚ್ಚಾಗಿರುತ್ತದೆ. ಲೇಬಲ್ಲನ್ನು ಓರೆಯಾಗಿ ಹಿಡಿದರೆ ಎರಡಂಕಿಯ ಒತ್ತುಗುರುತು ಹೊಳೆಯುತ್ತದೆ. ನನ್ನದರಲ್ಲಿ ಮೂರೂ ಇರಲಿಲ್ಲ. ಅಸಲಿಯ ಬ್ಯಾಟರಿ ಒಣಗಿದ್ದರೂ ಹೆದರಬೇಕಿಲ್ಲ. ಎಮರಾಲ್ಡ್‌ನಲ್ಲಿ ಅದು ಗಡಿಯಾರಕ್ಕೆ ಮಾತ್ರ, ಆಟ ಉಳಿಯುತ್ತದೆ. ಅದಕ್ಕೂ ಹಳೆಯ ‘ಗೋಲ್ಡ್’, ‘ಸಿಲ್ವರ್’ನಲ್ಲಿ ಬ್ಯಾಟರಿ ಸತ್ತರೆ ಆಟವೂ ಸಾಯುತ್ತದೆ. ಹೊಸದು ಬೆಸೆಯಬೇಕು.

ಜಪಾನಿನಿಂದ ಯಂತ್ರ ತರಿಸುವವರು ಅಡಾಪ್ಟರ್ ಮೇಲೆ ಬರೆದದ್ದು ಓದಿ. ಅಲ್ಲಿನ ಕರೆಂಟು 100 ವೋಲ್ಟು, ನಮ್ಮದು 230. ಗೆಳೆಯ ತಂದ ಫ್ಯಾಮಿಕಾಮಿನ ಅಡಾಪ್ಟರನ್ನು ನಾನೇ ಸಂಭ್ರಮದಿಂದ ಗೋಡೆಗೆ ಚುಚ್ಚಿದೆ. ಒಂದು ಸಣ್ಣ ‘ಟಪ್’, ಆಮೇಲೆ ಆ ವಾಸನೆ. ಬೈಯಲು ಬೇರೆ ಯಾರೂ ಇರಲಿಲ್ಲ.

ಹುಡುಗನ ಐದು ಸಾವಿರದ ಲೆಕ್ಕ ಕೊನೆಗೆ ಹೀಗೆ ನಿಂತಿತು. ಹೊರಪೇಟೆಯ ಒಂದು ಮನೆಯಿಂದ ಚಿಪ್ ಹಾಕಿದ ತೆಳು ಪಿಎಸ್ 2, ಎರಡು ರಿಮೋಟಿನ ಸಮೇತ, 2,800. ಮೆಮೊರಿ ಕಾರ್ಡು 350. ಗುಜರಿಯ ಐದು ಡಿಸ್ಕು 400, ಅದರಲ್ಲಿ ಗ್ರ್ಯಾನ್ ಟುರಿಸ್ಮೊ 3 ಪ್ಲಾಟಿನಂ ಇತ್ತು. ಬೆಂಗಳೂರಿನಿಂದ ಟೆಕ್ಕನ್ 5 ಮತ್ತು ಪ್ರಿನ್ಸ್ ಆಫ್ ಪರ್ಷಿಯಾ ಸೇರಿ 900. ಉಳಿದ 550ರಲ್ಲಿ ಹೊಸ ಟಿವಿಗೆ ಹಾಕುವ ಎವಿ ಟು ಎಚ್‌ಡಿಎಂಐ ಡಬ್ಬಿ ಕೊಳ್ಳುವುದು ಅಂತಿತ್ತು. ಏಳು ಗೇಮು. ಅಪರೂಪದ್ದು ಒಂದೂ ಇಲ್ಲ, ಬೇಜಾರು ಬರುವುದೂ ಒಂದೂ ಇಲ್ಲ. ಫಿಫಾ ಬಿಟ್ಟು ಅಂತ ಅವನು ಹೇಳುತ್ತಾನೆ.

ಆ ಡಬ್ಬಿ ಕೊಳ್ಳುವ ಅಗತ್ಯ ಬೀಳಲಿಲ್ಲ. ಪಕ್ಕದ ಮನೆಯವರು ಬಿಪಿಎಲ್‌ನ ದಪ್ಪ ಟಿವಿಯನ್ನು ಗುಜರಿಗೆ ಹಾಕುವವರಿದ್ದರು, ಇಬ್ಬರೂ ಹೊತ್ತು ತಂದೆವು. ಹಳೇ ಯಂತ್ರಗಳು ಹುಟ್ಟಿದ್ದೇ ಆ ಪರದೆಗೆ. ಕೊಬ್ಬರಿ ಡಬ್ಬದ ಬಂದೂಕಿಗಂತೂ ಬೇರೆ ಪರದೆ ನಡೆಯುವುದೇ ಇಲ್ಲ. ಬಂದೂಕಿನಿಂದ ಏನೂ ಹೊರಡುವುದಿಲ್ಲ, ಅದರ ನಳಿಗೆಯೊಳಗೆ ಬೆಳಕು ಗುರುತಿಸುವ ಒಂದು ಕಣ್ಣಿದೆ ಅಷ್ಟೇ. ಬಾತುಕೋಳಿ ಹೊಡೆಯುವ ಗೇಮಿನಲ್ಲಿ ಕುದುರೆ ಒತ್ತಿದ ಕೂಡಲೇ ಪರದೆ ಒಂದು ಕ್ಷಣ ಕಪ್ಪಾಗಿ, ಬಾತುಕೋಳಿ ಇದ್ದ ಜಾಗದಲ್ಲಿ ಮಾತ್ರ ಬಿಳಿ ಚೌಕ ಮಿಂಚುತ್ತದೆ. ಕಣ್ಣಿಗೆ ಆ ಬಿಳಿ ಬಿದ್ದರೆ ಗುರಿ ತಾಗಿತು. ಹೊಸ ಟಿವಿಗಳು ಚಿತ್ರವನ್ನು ತುಸು ತಡವಾಗಿ ತೋರಿಸುತ್ತವೆ, ಅಷ್ಟರಲ್ಲಿ ಬಂದೂಕು ಕಣ್ಣು ಮುಚ್ಚಿಯಾಗಿರುತ್ತದೆ.

ಕ್ಯಾಸೆಟ್ಟು ಹಾಕುವ ಮುಂಚೆ ಅಭ್ಯಾಸಬಲದಿಂದ ಬಾಯಿಗೆ ಹಿಡಿದೆ. ಊದಬಾರದು. ಉಸಿರಿನ ತೇವ ಹಲ್ಲುಗಳನ್ನು ತುಕ್ಕು ಹಿಡಿಸುತ್ತದೆ, ನಿಂಟೆಂಡೊ ಕೂಡ ಬೇಡ ಅಂತಲೇ ಹೇಳಿದೆ. ಆಗ ಊದಿದ ಮೇಲೆ ಓಡುತ್ತಿದ್ದದ್ದು ತೆಗೆದು ಮತ್ತೆ ಸರಿಯಾಗಿ ಕೂರಿಸಿದ್ದಕ್ಕೆ. ಮೆಡಿಕಲ್ ಸ್ಟೋರಿನ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಕಿವಿಯ ಹತ್ತಿಕಡ್ಡಿ ಅದ್ದಿ ಉಜ್ಜಿದೆ. ನಾಲ್ಕು ಕಡ್ಡಿ ಕರಿ ಮಸಿಯಾದವು, ಐದನೆಯದು ಬಿಳಿಯಾಗಿಯೇ ಬಂತು.

ಗುಂಡಿ ಒತ್ತಿದೆ. ಪಟ್ಟಿ ಬಂತು. ಅಕ್ಕ ಅಡುಗೆಮನೆಯಿಂದ ಕೈ ಒರೆಸಿಕೊಂಡು ಬಂದು, ಯಾರನ್ನೂ ಕೇಳದೆ ಬಂದೂಕು ಎತ್ತಿಕೊಂಡಳು. ಮೊದಲ ಬಾತುಕೋಳಿ ತಪ್ಪಿಸಿಕೊಂಡಿತು. ಎರಡನೆಯದೂ. ಹುಲ್ಲಿನ ಹಿಂದಿನಿಂದ ನಾಯಿ ಎದ್ದು ನಕ್ಕಿತು.

‘ಇದು ಇನ್ನೂ ಬದುಕಿದೆಯಾ!’ ಅಂದಳು ಅಕ್ಕ, ಮತ್ತೆ ಗುರಿ ಹಿಡಿದಳು.